ಏಪ್ರಿಲ್‌ವರೆಗೂ ಬಂದ ವರ್ಕ್-ಸ್ಟಡಿ ಹಣ

ಅಮೆರಿಕದ ಕಾಲೇಜು ಲೈಬ್ರರಿಗಳಲ್ಲಿ ಪಾಳಿ ಹಾಕುವವರಿಗೆಲ್ಲ ಫೆಬ್ರವರಿಯ ಪೇಚಾಟ ಗೊತ್ತು: ವರ್ಕ್-ಸ್ಟಡಿಯಲ್ಲಿ, ಅಂದರೆ ಓದುತ್ತಲೇ ದುಡಿಯಲು ಸರ್ಕಾರ ನೆರವು ಕೊಡುವ ಯೋಜನೆಯಲ್ಲಿ, ಹುಡುಗರಿಗೆ ವರ್ಷಕ್ಕೆಂದು ಗೊತ್ತುಮಾಡಿದ ಹಣ (ಅವಾರ್ಡ್) ಖಾಲಿ, ಸೆಮಿಸ್ಟರ್ ಇನ್ನೂ ಬಾಕಿ. ಹಣ ಕೊನೆಯವರೆಗೂ ಬರಲೆಂದು ನಾನು ವಾರಕ್ಕೆ ಐದೇ ಗಂಟೆ ಕೆಲಸ ಕೊಡಲು ಹೊರಟಾಗ, ಯಾರೂ ನಿಲ್ಲುವುದಿಲ್ಲ ಎಂದು ಜೊತೆಯವರು ಹೇಳುತ್ತಿದ್ದರು. ಎರಡು ವರ್ಷವಾಯಿತು, ನಮ್ಮ ಲೈಬ್ರರಿಯ ಆರೂ ವಿದ್ಯಾರ್ಥಿಗಳು ನಿಂತಿದ್ದಾರೆ.

ಲೆಕ್ಕ ಇಷ್ಟೇ. ಅವಾರ್ಡ್ ಸುಮಾರು 2,400 ಡಾಲರ್, ಗಂಟೆಗೆ 15, ಅಂದರೆ 160 ಗಂಟೆ. ಎರಡು ಸೆಮಿಸ್ಟರಿಗೆ 30 ವಾರ. ವಾರಕ್ಕೆ 5ರಂತೆ 150 ಗಂಟೆ ಹಂಚಿ, 10 ಗಂಟೆ ತೆಗೆದಿಡುತ್ತೇನೆ. 

ಮೊದಲು ಎಷ್ಟು ಗಂಟೆ ಬೇಕು ಎಂದು ಹುಡುಗರನ್ನೇ ಕೇಳುತ್ತಿದ್ದೆ. ವಾರಕ್ಕೆ ಹನ್ನೆರಡು ಎನ್ನುತ್ತಿದ್ದರು, ಹಾಗೆ ಕೊಟ್ಟರೆ ಅವಾರ್ಡ್ ಬೇಗ ಮುಗಿಯುತ್ತಿತ್ತು. ಅವಾರ್ಡ್ ಇರುವಾಗ 15ರಲ್ಲಿ 11.25 ಕೇಂದ್ರ ಸರ್ಕಾರದ್ದು, 3.75 ನಮ್ಮದು. ಮುಗಿದ ಮೇಲೆ ಹದಿನೈದೂ ನಮ್ಮದೇ. ಒಬ್ಬರು 40 ಗಂಟೆ ಮೀರಿದರೆ ನಮಗೆ 150 ಡಾಲರ್ ಆಗಬೇಕಾದದ್ದು 600. ಒಂದು ವರ್ಷ ನಾಲ್ವರು ಹೀಗೆ ಮೀರಿ, ಹೆಚ್ಚುಕಡಿಮೆ 1,800 ಡಾಲರ್ ಹೆಚ್ಚುವರಿ ಖರ್ಚಾಯಿತು. ಪುಸ್ತಕ ಕೊಳ್ಳುವ ಹಣದಲ್ಲೇ ಅದನ್ನು ತುಂಬಬೇಕಾಯಿತು.

ಐದು ಗಂಟೆಯನ್ನು ಎರಡೂವರೆಯ ಎರಡು ಪಾಳಿ ಮಾಡಿ, ತರಗತಿಗಳ ನಡುವಿನ ಬಿಡುವಿಗೆ ಕೂರಿಸಿದೆ. ನಿಲ್ಲಲು ಅದೇ ಕಾರಣ. ಒಂದು ಗಂಟೆಯ ಪಾಳಿಯನ್ನೂ ನೋಡಿದೆ. ಗಾಡಿಗೆ ಪುಸ್ತಕ ಜೋಡಿಸುವಷ್ಟರಲ್ಲೇ ಮುಗಿಯುತ್ತದೆ. ತರಗತಿ ರದ್ದಾದ ಹೊತ್ತಿಗೆ ಪಾಳಿ ಕೊಟ್ಟರೆ ರದ್ದಾದ ಪುರಾವೆ ಇಟ್ಟುಕೊಳ್ಳಿ, ಆಡಿಟ್‌ನಲ್ಲಿ ಕೇಳುತ್ತಾರೆ.

ಐ-9, ಅಂದರೆ ಅಮೆರಿಕದಲ್ಲಿ ದುಡಿಯಲು ಅರ್ಹರೆಂದು ತೋರಿಸುವ ಫಾರ್ಮ್, ಆಗಸ್ಟಿನ ದೊಡ್ಡ ತಲೆನೋವು. ಕೆಲಸ ಶುರುವಾದ ಮೂರು ಕೆಲಸದ ದಿನಗಳೊಳಗೆ ಮೂಲ ದಾಖಲೆ ನೋಡಲೇಬೇಕು, ಜೆರಾಕ್ಸ್ ನಡೆಯದು. ಅಮೆರಿಕದ ಪಾಸ್‌ಪೋರ್ಟ್ ಒಂದೇ ಸಾಕು. ಇಲ್ಲವಾದರೆ ಡ್ರೈವಿಂಗ್ ಲೈಸೆನ್ಸ್ ಜೊತೆ ಸೋಷಿಯಲ್ ಸೆಕ್ಯುರಿಟಿ ಕಾರ್ಡ್. ಆ ಕಾರ್ಡನ್ನು ಮನೆಯಲ್ಲೇ ಬಿಟ್ಟು ಬರುವವರೇ ಹೆಚ್ಚು, ಆದ್ದರಿಂದ ಜುಲೈನಲ್ಲೇ ಇಮೇಲ್ ಕಳಿಸುತ್ತೇನೆ. ಅವಾರ್ಡ್ ಮೊತ್ತ ಫೀಸಿನಲ್ಲಿ ಕಡಿತವಾಗುವುದಿಲ್ಲ, ದುಡಿದರೆ ಮಾತ್ರ ಸಂಬಳವಾಗಿ ಬರುತ್ತದೆ ಎಂದೂ ಅದರಲ್ಲೇ ಬರೆದಿರುತ್ತೇನೆ.

ಕರ್ನಾಟಕದಿಂದ ಎಫ್-1 ವಿದ್ಯಾರ್ಥಿ ವೀಸಾದಲ್ಲಿ ಬಂದವರೂ ವಿಚಾರಿಸುತ್ತಾರೆ. ಅವರಿಗೆ ವರ್ಕ್-ಸ್ಟಡಿ ಸಿಗದು. ಕ್ಯಾಂಪಸ್ಸಿನ ಸಾಮಾನ್ಯ ಕೆಲಸ, ಸೆಮಿಸ್ಟರ್ ನಡೆಯುವಾಗ ವಾರಕ್ಕೆ 20 ಗಂಟೆಯ ಮಿತಿಯಲ್ಲಿ, ಮಾಡಬಹುದು.

ನಡುವೆ ಇನ್ನೊಂದು ಪ್ರಯೋಗ: ಸಂದರ್ಶನ ಕೈಬಿಟ್ಟು, ಕಾಲ್ ನಂಬರಿನ (ಕಪಾಟಿನಲ್ಲಿ ಪುಸ್ತಕದ ಜಾಗ ಹೇಳುವ ಸಂಖ್ಯೆ) ಇಪ್ಪತ್ತು ಚೀಟಿ ಕೊಟ್ಟು ಜೋಡಿಸಲು ಹೇಳಿದೆ. .ಸಿ65 ಬರಬೇಕಾದದ್ದು .ಸಿ7ರ ಮುಂಚೆ, ಏಕೆಂದರೆ ಅದು ದಶಮಾಂಶ. ಅರುವತ್ತೈದು ದೊಡ್ಡದು ಎಂದು ಹಿಂದೆ ಇಡುವವರಿಗೆ ಹತ್ತು ನಿಮಿಷ ಹೇಳಿಕೊಟ್ಟು ಮತ್ತೆ ಕೊಡುತ್ತೇನೆ. ಎರಡನೇ ಸಲ ಸರಿಯಿಟ್ಟವರನ್ನೇ ತೆಗೆದುಕೊಳ್ಳುವುದು. ತಪ್ಪು ಕಪಾಟು ಸೇರುವ ಪುಸ್ತಕ ಮೊದಲಿನ ಅರ್ಧಕ್ಕಿಂತ ಕಡಿಮೆಯಾಗಿದೆ.