ಎನ್‌ಸಿಸಿ ಮಕ್ಕಳ ಜೊತಿ ಹೋಗೋರು ಮಗು ಪ್ಲ್ಯಾನ್ ಮಾಡ್ತಿದ್ರ ಸ್ವಲ್ಪ ಇದನ್ನ ನೋಡ್ರಿ

ಅಕ್ಕಾರೇ, ಮೊನ್ನೆ ಒಬ್ರು ಕೇಳಿದ್ರಲ್ಲ, ಸ್ಕೂಲಿನ ಎನ್‌ಸಿಸಿ ಹುಡುಗೇರ ಜೊತಿ ವಾಲಂಟಿಯರ್ ಹೋಗ್ತೀನಿ, ಈಗ ಮಗು ಪ್ಲ್ಯಾನ್ ಮಾಡಾಕತ್ತೀವಿ, ಬಿಡಬೇಕಾ ಅಂತ. ಬಿಡೋದೇನು ಬ್ಯಾಡ್ರಿ, ನಾನೂ ಹೋಗ್ತಿದ್ದೆ, ಆ ನಡಿಯೋದು ಓಡಾಡೋದು ಮೈಗೆ ಒಳ್ಳೇದ.

ಆದ್ರ ಫೋಲಿಕ್ ಆಸಿಡ್ ಗುಳಿಗಿ ಈಗಿಂದ್ಲೇ ಶುರು ಮಾಡ್ರಿ, ದಿನಾ 400 ಮೈಕ್ರೋಗ್ರಾಂ, ಗರ್ಭ ನಿಲ್ಲೋಕ್ಕಿಂತ ಒಂದ್ ತಿಂಗಳಾದ್ರೂ ಮುಂಚಿಂದ, ಯಾಕಂದ್ರ ಕೂಸಿನ ಮೆದುಳು ಬೆನ್ನುಹುರಿ ರೂಪ ತಗೊಳ್ಳೋದು ಶುರುವಿನ ವಾರದಾಗ, ನಮಗ ಡೇಟ್ ತಪ್ಪಿದ್ದು ಗೊತ್ತಾಗೋದ್ರೊಳಗ ಅರ್ಧ ಕೆಲ್ಸ ಆಗಿರ್ತೈತಿ. ಶುಗರ್, ಫಿಟ್ಸ್ ಇದ್ದೋರಿಗೆ ಡೋಸ್ ಬ್ಯಾರೆ, ಡಾಕ್ಟರ್‌ನ ಕೇಳ್ರಿ. ಹಿಮೋಗ್ಲೋಬಿನ್ ಟೆಸ್ಟೂ ಮಾಡಿಸ್ರಿ. ಮಕ್ಕಳ ನಡುವ ಇರೋರು ರುಬೆಲ್ಲಾ (ದಡಾರದಂಥ ಅಂಟುರೋಗ, ಬಸುರಿದ್ದಾಗ ಬಂದ್ರ ಕೂಸಿಗೆ ತೊಂದ್ರಿ) ಲಸಿಕೆ ಆಗೈತೋ ಇಲ್ಲೋ ನೋಡ್ಕೊಳ್ರಿ, ಬಸುರಿ ಆದ ಮ್ಯಾಲ ಅದನ್ನ ಹಾಕಂಗಿಲ್ಲ, ಮುಂಚೇನ ಹಾಕಿಸ್ಕೊಂಡ್ರ ಆಮ್ಯಾಲ ಒಂದ್ ತಿಂಗಳು ಗರ್ಭ ನಿಲ್ಲದಂಗ ತಡೀಬೇಕು.

ಫೈರಿಂಗ್ ಪ್ರಾಕ್ಟೀಸ್ ದಿನ ಮಾತ್ರ ನಾನು ಹೋಗ್ತಿರ್ಲಿಲ್ಲ, ಗುಂಡಿನ ಸೀಸದ ಧೂಳು ಕೂಸಿಗೆ ಒಳ್ಳೇದಲ್ಲ. ಎನ್‌ಸಿಸಿ ಮೇಡಂಗೆ ಪೂರಾ ಕಾರಣ ಹೇಳಬೇಕಂತೇನಿಲ್ಲ, "ಅವತ್ತು ರಿಜಿಸ್ಟರ್ ಕೆಲ್ಸ ಕೊಡ್ರಿ ಮೇಡಂ" ಅಂದ್ರ ಸಾಕು, ಹಾಜರಿ ಬರಿಯೋಕೆ ಯಾವಾಗ್ಲೂ ಜನ ಕಮ್ಮೀನ.

ಇನ್ನ ನಮ್ಮ ಬಳ್ಳಾರಿ ಬಿಸಿಲು, ಕೇಳಬ್ಯಾಡ್ರಿ. ಒಂದ್ಸಲ ಏಪ್ರಿಲ್‌ನಾಗ ಬರೀ ಹೊಟ್ಟೀಲೆ ಗ್ರೌಂಡಿಗೆ ಹೋಗಿ ಕಣ್ ಕತ್ಲಿ ಬಂದು ಬೇವಿನ ಗಿಡದ ಬುಡಕ್ಕ ಕುಂತೆ, ಹುಡುಗೇರ ನನಗ ಫಸ್ಟ್ ಏಡ್ ಮಾಡಿದ್ರು! ಆಮ್ಯಾಲಿಂದ ಒಗ್ಗರಣಿ ಮಂಡಕ್ಕಿ ತಿಂದೇ ಹೋಗ್ತಿದ್ದೆ, ಬ್ಯಾಗಿನಾಗ ಒಂದ್ ಲೀಟರ್ ಉಪ್ಪು ಹಾಕಿದ ಮಜ್ಜಿಗಿ.