ವೈರಲ್ ಲೋಡ್ ಇಳಿಯದವರಲ್ಲಿ ಕಂಡದ್ದು: ಎಚ್‌ಐವಿ ಔಷಧ ಪ್ರತಿರೋಧದ ಬದಲಾದ ಚಹರೆ

ಎಆರ್‌ಟಿ (ಎಚ್‌ಐವಿ ಔಷಧ ಚಿಕಿತ್ಸೆ) ಕೇಂದ್ರಕ್ಕೆ ಹೊಸದಾಗಿ ಬರುವ ಕಿರಿಯ ವೈದ್ಯರು ಮೊದಲ ತಿಂಗಳಲ್ಲೇ ಕೇಳುವ ಪ್ರಶ್ನೆಯೊಂದಿದೆ: ರೋಗಿಯ ವೈರಲ್ ಲೋಡ್ (ಒಂದು ಮಿಲಿಲೀಟರ್ ರಕ್ತದಲ್ಲಿರುವ ವೈರಸ್‌ನ ಪ್ರಮಾಣ) ಸಾವಿರ ದಾಟಿದೆ, ಔಷಧಿ ಬದಲಿಸಬೇಕೇ? ಈ ಪ್ರಶ್ನೆಗೆ ನಾನು ಕೊಡುವ ಉತ್ತರ ಹಿಂದಿನದಕ್ಕೆ ಹೋಲಿಸಿದರೆ ಹೆಚ್ಚುಕಡಿಮೆ ತಿರುಗುಮುರುಗಾಗಿದೆ. 2010ರ ಆಸುಪಾಸಿನಲ್ಲಿ ಅಂಥ ಫಲಿತಾಂಶ ಬಂದರೆ, ವೈರಸ್ ಔಷಧಕ್ಕೆ ಬಗ್ಗುತ್ತಿಲ್ಲವೆಂದೇ ತಿಳಿದು ಎರಡನೇ ಹಂತದ ಚಿಕಿತ್ಸೆಗೆ ಕಾಗದಪತ್ರ ಸಿದ್ಧಪಡಿಸುತ್ತಿದ್ದೆವು, ಮತ್ತು ಆ ಊಹೆ ಬಹುತೇಕ ಸರಿಯಾಗಿರುತ್ತಿತ್ತು. ಇಂದು ಅದೇ ಅಂಕಿ ಕಂಡಾಗ ಔಷಧಿಯ ಚೀಟಿಗೆ ಕೈಹಾಕುವ ಮೊದಲು ಆಪ್ತಸಮಾಲೋಚಕಿಯನ್ನು ಕರೆಯುತ್ತೇನೆ. ಉತ್ತರ ಕರ್ನಾಟಕದ ಜಿಲ್ಲೆಯೊಂದರಲ್ಲಿ ಈ ಬದಲಾವಣೆಯನ್ನು ನಾನು ಹೇಗೆ ಗುರುತಿಸುತ್ತ ಬಂದೆ ಎಂಬುದನ್ನು ಇಲ್ಲಿ ಬರೆದಿದ್ದೇನೆ.

ನಮ್ಮ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ಚಿಕಿತ್ಸೆ ಸೋತ ಪ್ರತಿಯೊಬ್ಬರಿಗೂ ಜೀನೋಟೈಪ್ ಪರೀಕ್ಷೆ (ವೈರಸ್‌ನ ಜೀನ್‌ಗಳನ್ನು ಓದಿ ಪ್ರತಿರೋಧ ಗುರುತಿಸುವುದು) ಮಾಡಿಸುವ ಪದ್ಧತಿಯಿಲ್ಲ. ಕಣ್ಗಾವಲು ಸಮೀಕ್ಷೆಗಳಿಗೆಂದು, ಇಲ್ಲವೇ ಎರಡನೇ ಹಂತವೂ ಸೋತವರಿಗೆ ಮುಂದಿನ ದಾರಿ ಹುಡುಕಲೆಂದು ಕಳುಹಿಸಿದ ಮಾದರಿಗಳ ವರದಿಗಳೇ ನನಗೆ ಸಿಕ್ಕ ಸಾಮಗ್ರಿ. ವರದಿಯನ್ನು ಒಂಟಿಯಾಗಿ ಓದಿದರೆ ಅರ್ಥವಾಗುವುದು ಕಡಿಮೆ ಎಂದು ತಿಳಿದ ಮೇಲೆ ನಾನು ಒಂದು ರೂಢಿ ಇಟ್ಟುಕೊಂಡೆ. ರೋಗಿಯ ಹಳೆಯ ಚಿಕಿತ್ಸಾ ಕಾರ್ಡುಗಳನ್ನೆಲ್ಲ ಹರಡಿಕೊಂಡು, ಉದ್ದನೆಯ ಹಾಳೆಯ ಮೇಲೆ ಎಡದಿಂದ ಬಲಕ್ಕೆ ಒಂದು ಗೆರೆ ಎಳೆದು, ಯಾವ ವರ್ಷ ಯಾವ ಗುಳಿಗೆ ಶುರುವಾಯಿತು, ರಕ್ತಹೀನತೆಯಿಂದಲೋ ಚರ್ಮದ ದದ್ದಿನಿಂದಲೋ ಯಾವುದನ್ನು ನಿಲ್ಲಿಸಲಾಯಿತು, ಕ್ಷಯಕ್ಕೆ ರಿಫಾಂಪಿಸಿನ್ ಯಾವಾಗ ನಡೆಯಿತು, ದುಡಿಯಲು ಹೋದಾಗ ಎಷ್ಟು ಕಾಲ ಔಷಧಿ ತಪ್ಪಿತು ಎಂಬುದನ್ನೆಲ್ಲ ಗುರುತು ಹಾಕುತ್ತೇನೆ. ಅದರ ಕೆಳಗೆ ಸಿಡಿ4 (ರೋಗನಿರೋಧಕ ಕೋಶಗಳ ಎಣಿಕೆ) ಮತ್ತು ವೈರಲ್ ಲೋಡ್, ಇನ್ನೂ ಕೆಳಗೆ ಜೀನೋಟೈಪ್ ವರದಿಯ ಮ್ಯುಟೇಷನ್‌ಗಳು, ಅಂದರೆ ವೈರಸ್‌ನ ಜೀನ್‌ಗಳಲ್ಲಾದ ಬದಲಾವಣೆಗಳು. ಹೀಗೆ ಜೋಡಿಸಿದಾಗ ಪ್ರತಿ ಮ್ಯುಟೇಷನ್‌ಗೂ ಮೇಲಿನ ಗೆರೆಯಲ್ಲಿ ಒಂದು ಕಾರಣ ಸಿಗಬೇಕು. ಸಿಗದಿದ್ದರೆ ರೋಗಿ ಹೇಳದ ಹಳೆಯ ಚಿಕಿತ್ಸೆಯೊಂದು ಇದೆಯೆಂದೋ, ಸೋಂಕು ತಗುಲುವಾಗಲೇ ಪ್ರತಿರೋಧವಿರುವ ವೈರಸ್ ಬಂದಿದೆಯೆಂದೋ ಊಹಿಸಬೇಕಾಗುತ್ತದೆ.

ಮಾದರಿ ತೆಗೆಯುವುದರಲ್ಲಿ ಒಂದು ನಿಯಮವನ್ನು ಬಿಡುವಂತಿಲ್ಲ. ರೋಗಿ ಗುಳಿಗೆ ನುಂಗುತ್ತಿರುವಾಗಲೇ ರಕ್ತ ತೆಗೆಯಬೇಕು. ಔಷಧಿ ನಿಲ್ಲಿಸಿ ಕೆಲವು ವಾರ ಕಳೆದರೆ, ಔಷಧದ ಒತ್ತಡವಿಲ್ಲದ ಕಾರಣ ಮೂಲ ವೈರಸ್ ಮತ್ತೆ ತಲೆಯೆತ್ತಿ ಪ್ರತಿರೋಧಿ ವೈರಸ್‌ಅನ್ನು ಮೂಲೆಗೆ ತಳ್ಳುತ್ತದೆ. ಜೀನ್ ಓದಲು ಸಾಮಾನ್ಯವಾಗಿ ಬಳಸುವ ಸ್ಯಾಂಗರ್ ವಿಧಾನ, ಒಟ್ಟು ವೈರಸ್‌ನಲ್ಲಿ ಸುಮಾರು ಶೇಕಡಾ 20ಕ್ಕಿಂತ ಕಡಿಮೆಯಿರುವ ತಳಿಯನ್ನು ಹಿಡಿಯಲಾರದು. ವರದಿಯಲ್ಲಿ ‘ಮ್ಯುಟೇಷನ್ ಇಲ್ಲ’ ಎಂದು ಬರುತ್ತದೆ. ಅದೇ ಔಷಧಿಯನ್ನು ಮತ್ತೆ ಕೊಟ್ಟರೆ ಜೀವಕೋಶಗಳಲ್ಲಿ ಅಡಗಿದ್ದ ತಳಿ ಹೊರಬರುತ್ತದೆ. ಪ್ಲಾಸ್ಮಾವನ್ನು ಬೇಗ ಬೇರ್ಪಡಿಸಿ, ಮೈನಸ್ 80 ಡಿಗ್ರಿಯಲ್ಲಿ ಹೆಪ್ಪುಗಟ್ಟಿಸಿ, ಡ್ರೈ ಐಸ್‌ನಲ್ಲಿ ಕಳುಹಿಸುವುದು ಉತ್ತಮ. ನಮ್ಮ ಬೇಸಿಗೆಯಲ್ಲಿ, ಕರೆಂಟ್ ಹೋಗಿ ಬರುವ ಊರುಗಳಲ್ಲಿ ಇದು ಹೇಳಿದಷ್ಟು ಸುಲಭವಲ್ಲ. ಫಿಲ್ಟರ್ ಕಾಗದದ ಮೇಲೆ ರಕ್ತದ ಹನಿಗಳನ್ನು ಒಣಗಿಸಿ ಕಳುಹಿಸುವ ಪದ್ಧತಿ ಆ ಮಟ್ಟಿಗೆ ಉಪಕಾರಿ.

ವರದಿ ಬಂದಾಗ ಕೊನೆಯ ಸಾಲಿಗೆ ಹಾರಬಾರದೆಂದು ಕಿರಿಯರಿಗೆ ಹೇಳುತ್ತೇನೆ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ದತ್ತಸಂಚಯ ಪ್ರತಿ ಔಷಧಕ್ಕೂ ಅಂಕ ಕೊಟ್ಟು, ಪೂರ್ಣ ಸಂವೇದನೆಯಿಂದ (ವೈರಸ್ ಔಷಧಕ್ಕೆ ಪೂರ್ತಿ ಬಗ್ಗುವುದು) ತೀವ್ರ ಪ್ರತಿರೋಧದವರೆಗೆ ಐದು ದರ್ಜೆಗಳಲ್ಲಿ ಇಡುತ್ತದೆ. 60 ಮತ್ತು ಅದಕ್ಕೂ ಮೇಲಿನ ಅಂಕ ತೀವ್ರ ಪ್ರತಿರೋಧ. ಆದರೆ ಚಿಕಿತ್ಸೆಯ ಚರಿತ್ರೆ ತಿಳಿಯುವುದು ಅಂಕಗಳಿಗಿಂತ ಮೇಲಿರುವ ಮ್ಯುಟೇಷನ್‌ಗಳ ಪಟ್ಟಿಯಿಂದ.

ಕಾಲಕ್ರಮದಲ್ಲಿ ಆ ಪಟ್ಟಿಯೇ ಬದಲಾಗುತ್ತ ಬಂದಿದೆ. ಭಾರತದಲ್ಲಿ ಉಚಿತ ಎಆರ್‌ಟಿ ಆರಂಭವಾದದ್ದು 2004ರ ಏಪ್ರಿಲ್ 1ರಂದು. ಆಗಿನ ಔಷಧಿಗಳು ಸ್ಟಾವುಡಿನ್ ಅಥವಾ ಜಿಡೊವುಡಿನ್, ಜೊತೆಗೆ ಲ್ಯಾಮಿವುಡಿನ್ ಮತ್ತು ನೆವಿರಪಿನ್. ವೈರಲ್ ಲೋಡ್ ಪರೀಕ್ಷೆ ಎಲ್ಲರಿಗೂ ಇರಲಿಲ್ಲ. ಸಿಡಿ4 ಎಣಿಕೆ ಚಿಕಿತ್ಸೆಗೆ ಮುಂಚಿನ ಮಟ್ಟಕ್ಕೆ ಇಳಿದರೆ, ಗರಿಷ್ಠ ಮಟ್ಟದ ಅರ್ಧಕ್ಕೆ ಕುಸಿದರೆ, ಇಲ್ಲವೇ ನೂರರ ಕೆಳಗೇ ಉಳಿದರೆ ಮಾತ್ರ ಸೋಲಿನ ಶಂಕೆ ಮೂಡುತ್ತಿತ್ತು. ವೈರಸ್ ಏರತೊಡಗಿ ಸಿಡಿ4 ಕುಸಿಯುವವರೆಗೆ ಒಂದೆರಡು ವರ್ಷಗಳೇ ಕಳೆಯಬಹುದು, ಮತ್ತು ಆ ಅವಧಿಯುದ್ದಕ್ಕೂ ರೋಗಿ ಕೆಲಸ ಮಾಡದ ಔಷಧಿಯನ್ನು ನಿಷ್ಠೆಯಿಂದ ನುಂಗುತ್ತಿದ್ದ. ಆ ಕಾಲದ ವರದಿಗಳಲ್ಲಿ ಲ್ಯಾಮಿವುಡಿನ್‌ಗೆ ಪ್ರತಿರೋಧ ತರುವ ಎಂ184ವಿ ಮ್ಯುಟೇಷನ್, ನೆವಿರಪಿನ್‌ನ ವೈ181ಸಿ ಅಥವಾ ಕೆ103ಎನ್, ಇವುಗಳ ಜೊತೆ ಸ್ಟಾವುಡಿನ್, ಜಿಡೊವುಡಿನ್‌ಗಳಿಂದ ಮೂಡುವ ಥೈಮಿಡಿನ್ ಗುಂಪಿನ ಎಂ41ಎಲ್, ಡಿ67ಎನ್, ಟಿ215ವೈ ಮೊದಲಾದವು ಒಂದರ ಹಿಂದೊಂದು ಪೇರಿಸಿಕೊಂಡಿರುತ್ತಿದ್ದವು. ಥೈಮಿಡಿನ್ ಗುಂಪಿನ ಮ್ಯುಟೇಷನ್‌ಗಳು ನಿಧಾನವಾಗಿ ಸೇರಿಕೊಳ್ಳುವಂಥವು. ಅವು ಎಷ್ಟಿವೆಯೆಂದು ನೋಡಿದರೆ ಸೋಲು ಎಷ್ಟು ಕಾಲ ಗಮನಕ್ಕೆ ಬಾರದೆ ಉಳಿದಿತ್ತೆಂದು ಅಂದಾಜಿಸಬಹುದಿತ್ತು. ನನ್ನ ಮಟ್ಟಿಗೆ ಆ ದಿನಗಳ ಪ್ರತಿರೋಧಕ್ಕೆ ಮುಖ್ಯ ಕಾರಣ ರೋಗಿಯ ಅಶಿಸ್ತಿಗಿಂತ ಹೆಚ್ಚಾಗಿ ಪರೀಕ್ಷೆಯ ಕೊರತೆ.

ಸ್ಟಾವುಡಿನ್‌ನಿಂದ ಕೆನ್ನೆ ಬತ್ತುವುದು, ಕಾಲುರಿ ಮೊದಲಾದ ತೊಂದರೆಗಳು ಹೆಚ್ಚಾದ ಮೇಲೆ ಅದನ್ನು ಹಂತಹಂತವಾಗಿ ಕೈಬಿಟ್ಟು, ಟೆನೊಫೊವಿರ್, ಲ್ಯಾಮಿವುಡಿನ್, ಎಫಾವಿರೆಂಜ್ ಸೇರಿದ ದಿನಕ್ಕೊಂದು ಗುಳಿಗೆ ಬಂತು. ವರದಿಗಳ ಮುಖವೂ ಬದಲಾಯಿತು. ಎಂ184ವಿ ಹಾಗೆಯೇ ಉಳಿಯಿತು. ಥೈಮಿಡಿನ್ ಮ್ಯುಟೇಷನ್‌ಗಳ ಜಾಗಕ್ಕೆ ಟೆನೊಫೊವಿರ್‌ನ ಕೆ65ಆರ್ ಬಂತು. ಎಫಾವಿರೆಂಜ್‌ನಿಂದಾಗಿ ಕೆ103ಎನ್ ಜೊತೆಗೆ ವಿ106ಎಂ ಕೂಡ ಕಾಣತೊಡಗಿತು. ಭಾರತದಲ್ಲಿ ಬಹುಪಾಲು ಇರುವುದು ಸಿ ಉಪಪ್ರಕಾರದ ವೈರಸ್. ಅದರ ಅನುಕ್ರಮದಲ್ಲಿ ಒಂದೇ ಅಕ್ಷರ ಬದಲಾದರೆ ವಿ106ಎಂ ಉಂಟಾಗುತ್ತದೆ, ಮತ್ತು ಕೆ65ಆರ್ ಕೂಡ ಬೇರೆ ಉಪಪ್ರಕಾರಗಳಿಗಿಂತ ಇದರಲ್ಲಿ ಬೇಗ ಮೂಡುತ್ತದೆ. ಪಾಶ್ಚಾತ್ಯ ದೇಶಗಳ ಬಿ ಉಪಪ್ರಕಾರವನ್ನು ಆಧರಿಸಿದ ಪಠ್ಯಪುಸ್ತಕಗಳನ್ನು ಓದಿ ಬಂದ ನಮಗೆ ಇದನ್ನು ನಮ್ಮ ರೋಗಿಗಳಿಂದಲೇ ಕಲಿಯಬೇಕಾಯಿತು. 2018ರಲ್ಲಿ ಎಲ್ಲರಿಗೂ ನಿಯತವಾಗಿ ವೈರಲ್ ಲೋಡ್ ಪರೀಕ್ಷೆ ಮಾಡುವ ವ್ಯವಸ್ಥೆ ಜಾರಿಯಾದ ನಂತರ ಸೋಲು ಬೇಗ ಗೊತ್ತಾಗತೊಡಗಿತು. ಮ್ಯುಟೇಷನ್‌ಗಳ ಪಟ್ಟಿ ಮೊಟಕಾಯಿತು.

ಕೆ65ಆರ್ ಇದ್ದರೆ ಟೆನೊಫೊವಿರ್ ಬಿಟ್ಟು ಜಿಡೊವುಡಿನ್‌ಗೆ ಹೋಗಬೇಕೆಂಬುದು ಬಹುಕಾಲದ ಸೂತ್ರ. ಪ್ರಯೋಗಾಲಯದ ಲೆಕ್ಕದಲ್ಲಿ ಅದು ತಪ್ಪಲ್ಲ, ಏಕೆಂದರೆ ಆ ಮ್ಯುಟೇಷನ್ ವೈರಸ್‌ಅನ್ನು ಜಿಡೊವುಡಿನ್‌ಗೆ ಇನ್ನಷ್ಟು ಬಗ್ಗುವಂತೆ ಮಾಡುತ್ತದೆ. ಆದರೆ ಉಗಾಂಡ, ಕೀನ್ಯಾ, ಜಿಂಬಾಬ್ವೆಗಳಲ್ಲಿ ನಡೆದ ‘ನಾಡಿಯಾ’ ಪ್ರಯೋಗ, ಮೊದಲ ಹಂತ ಸೋತವರಲ್ಲಿ ಟೆನೊಫೊವಿರ್‌ಅನ್ನೇ ಮುಂದುವರಿಸಿ ನೋಡಿತು. ಅನೇಕರಲ್ಲಿ ಕೆ65ಆರ್ ಇದ್ದರೂ 96 ವಾರಗಳ ಕೊನೆಗೆ ಟೆನೊಫೊವಿರ್ ಜಿಡೊವುಡಿನ್‌ಗಿಂತ ಮೇಲಾಯಿತು. ವರದಿಯಲ್ಲಿ ‘ತೀವ್ರ ಪ್ರತಿರೋಧ’ ಎಂದು ಬರೆದಿರುವ ಔಷಧಿಯೂ ಬಲವಾದ ಜೊತೆಗಾರನಿದ್ದರೆ ಎಷ್ಟೋ ಕೆಲಸ ಮಾಡುತ್ತದೆಂದು ಒಪ್ಪಿಕೊಳ್ಳಲು ನನಗೆ ಸಮಯ ಹಿಡಿಯಿತು. ಹಲವು ಸಹೋದ್ಯೋಗಿಗಳು ಇಂದಿಗೂ ಒಪ್ಪಿಲ್ಲ.

ಆ ಬಲವಾದ ಜೊತೆಗಾರ ಡೊಲುಟೆಗ್ರವಿರ್. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಅದನ್ನು ಮೊದಲ ಆಯ್ಕೆಯಾಗಿ ಶಿಫಾರಸು ಮಾಡಿತು; ನಮ್ಮ ಕಾರ್ಯಕ್ರಮದಲ್ಲಿ 2020ರ ನಂತರ ಅದು ನೆಲೆಯಾಯಿತು. ನೆವಿರಪಿನ್ ಅಥವಾ ಎಫಾವಿರೆಂಜ್‌ನ ಪರಿಣಾಮವನ್ನು ಬಹುಮಟ್ಟಿಗೆ ಇಲ್ಲವಾಗಿಸಲು ಒಂದೇ ಮ್ಯುಟೇಷನ್ ಸಾಕು, ಡೊಲುಟೆಗ್ರವಿರ್‌ಗೆ ಅಷ್ಟು ಸಾಲದು. ಹೀಗಾಗಿ ಅದರ ಮೇಲಿರುವಾಗ ಮೊದಲ ಹಂತದಲ್ಲಿ ವೈರಲ್ ಲೋಡ್ ಏರಿದವರ ವರದಿಗಳಲ್ಲಿ ನನಗೆ ಹೆಚ್ಚಾಗಿ ಕಂಡದ್ದು ಖಾಲಿ ಪಟ್ಟಿ. ವೈರಸ್ ಸಂಪೂರ್ಣ ಸಂವೇದಿ. ಔಷಧಿ ರಕ್ತಕ್ಕೆ ತಲುಪಿಯೇ ಇಲ್ಲ.

ಏಕೆ ತಲುಪಿಲ್ಲ ಎಂಬುದಕ್ಕೆ ಉತ್ತರ ಸಿಗುವುದು ಆಪ್ತಸಮಾಲೋಚಕಿಯ ಕೋಣೆಯಲ್ಲಿ. ಕಬ್ಬಿನ ಹಂಗಾಮಿಗೆ ಮಹಾರಾಷ್ಟ್ರಕ್ಕೆ ಹೋಗಿ ಬಂದ ಮಹಿಳೆಯೊಬ್ಬರು ನನ್ನೆದುರು, ‘ದಿನಾ ತಗೊಂತೀನ್ರೀ ಸಾಹೇಬ್ರ, ಒಂದಿನಾನೂ ಬಿಟ್ಟಿಲ್ಲ’ ಎಂದೇ ಹೇಳಿದ್ದರು. ಆಪ್ತಸಮಾಲೋಚಕಿ ಡಬ್ಬಿ ತೆರೆಸಿದಾಗ ಗುಳಿಗೆಗಳ ಮೇಲೆ ಅರಳೆ ತುರುಕಿತ್ತು. ಲೇಬಲ್ ಕಿತ್ತು ಹಾಕಲಾಗಿತ್ತು. ನಡೆಯುವಾಗ ಚೀಲದಲ್ಲಿ ಡಬ್ಬಿಯ ಸಪ್ಪಳ ಕೇಳಬಾರದೆಂದು ಅರಳೆ. ‘ಗುಡಿಸಲದಾಗ ಹತ್ತು ಮಂದಿ ಮಲಗ್ತೀವಿ ಅಕ್ಕಾರ, ಯಾರ ಮುಂದ ನುಂಗ್ಲಿ?’ ಎಂದು ಆಕೆ ಕೇಳಿದಾಗ, ಗುಳಿಗೆಯನ್ನು ರಾತ್ರಿಯೇ ನುಂಗಬೇಕಿಲ್ಲ, ಮುಂಜಾನೆ ನೀರಿಗೆ ಹೋಗುವಾಗ ನುಂಗಿದರೂ ನಡೆಯುತ್ತದೆಂಬುದನ್ನು ಆಕೆಗೆ ಯಾರೂ ಹೇಳಿರಲಿಲ್ಲವೆಂದು ಗೊತ್ತಾಯಿತು. ಎಫಾವಿರೆಂಜ್ ಕಾಲದಲ್ಲಿ, ತಲೆಸುತ್ತು ಬರುತ್ತದೆಂದು, ಮಲಗುವಾಗ ತೆಗೆದುಕೊಳ್ಳಿ ಎಂದು ಕಲಿಸಿದ್ದು ಗುಳಿಗೆ ಬದಲಾದ ಮೇಲೂ ಹಾಗೆಯೇ ಉಳಿದಿತ್ತು. ಹೊತ್ತು ಬದಲಿಸಿ, ಸಮಾಲೋಚನೆ ಮುಂದುವರಿಸಿ, ಮೂರು ತಿಂಗಳ ನಂತರ ಮಾಡಿದ ಪರೀಕ್ಷೆಯಲ್ಲಿ ವೈರಸ್ ಪತ್ತೆಯಾಗಲಿಲ್ಲ. ಎರಡನೇ ಹಂತಕ್ಕೆ ಕಳುಹಿಸಿದ್ದರೆ ಆಕೆಯ ಚೀಲದಲ್ಲಿ ಇನ್ನೂ ಹೆಚ್ಚು ಗುಳಿಗೆಗಳು ಸಪ್ಪಳ ಮಾಡುತ್ತಿದ್ದವು.

ನುಂಗಿದರೂ ಔಷಧಿ ರಕ್ತಕ್ಕೆ ಸೇರದ ಸಂದರ್ಭಗಳೂ ಇವೆ, ಇವನ್ನು ಕೇಳದೆ ಬಿಡಬಾರದು. ಕ್ಷಯಕ್ಕೆ ರಿಫಾಂಪಿಸಿನ್ ನಡೆಯುತ್ತಿದ್ದರೆ ಡೊಲುಟೆಗ್ರವಿರ್‌ನ ಮಟ್ಟ ಕುಸಿಯುತ್ತದೆ, ಆದ್ದರಿಂದ 12 ಗಂಟೆಯ ಅಂತರದಲ್ಲಿ ಇನ್ನೊಂದು 50 ಮಿಲಿಗ್ರಾಂ ಗುಳಿಗೆ ಕೊಡಬೇಕು, ರಿಫಾಂಪಿಸಿನ್ ಮುಗಿದ ಮೇಲೂ ಎರಡು ವಾರ ಮುಂದುವರಿಸಬೇಕು. ಕಾರ್ಬಮಜೆಪಿನ್, ಫೆನಿಟಾಯಿನ್‌ನಂಥ ಮೂರ್ಛೆರೋಗದ ಔಷಧಿಗಳೂ ಅದರ ಮಟ್ಟವನ್ನು ತಗ್ಗಿಸುತ್ತವೆ. ಗ್ಯಾಸಿನ ಗುಳಿಗೆಯನ್ನು ರೋಗಿಗಳು ಔಷಧಿಯೆಂದೇ ಎಣಿಸುವುದಿಲ್ಲ. ‘ಬೇರೆ ಏನಾದರೂ ತಗೋತೀರಾ’ ಎಂದರೆ ಇಲ್ಲವೆನ್ನುತ್ತಾರೆ, ‘ಎದೆಯುರಿಗೆ ಏನು ತಗೋತೀರಿ’ ಎಂದು ಕೇಳಿದಾಗ ಕಿರಾಣಿ ಅಂಗಡಿಯ ಆಂಟಾಸಿಡ್ ಹೊರಬರುತ್ತದೆ. ಆಂಟಾಸಿಡ್‌ಗೆ ಎರಡು ಗಂಟೆ ಮೊದಲು ಅಥವಾ ಆರು ಗಂಟೆ ನಂತರ ಡೊಲುಟೆಗ್ರವಿರ್ ತೆಗೆದುಕೊಳ್ಳಬೇಕು. ಗರ್ಭಿಣಿಯರ ಕಬ್ಬಿಣ ಮತ್ತು ಕ್ಯಾಲ್ಸಿಯಂ ಗುಳಿಗೆಗಳಿಗೂ ಅದೇ ಅಂತರ ಬೇಕು, ಊಟದೊಂದಿಗೆ ಎಲ್ಲವನ್ನೂ ಒಟ್ಟಿಗೆ ನುಂಗಿದರೆ ಮಾತ್ರ ಆ ಅಂತರ ಬೇಕಿಲ್ಲ.

ಇಷ್ಟೆಲ್ಲ ಹೇಳಿದರೂ ಡೊಲುಟೆಗ್ರವಿರ್‌ಗೆ ಪ್ರತಿರೋಧವೇ ಬಾರದೆಂಬ ಮಾತು ಸಲ್ಲದು. ವಿಶ್ವ ಆರೋಗ್ಯ ಸಂಸ್ಥೆಯ 2024ರ ವರದಿಯಲ್ಲಿ, ಸಮೀಕ್ಷೆ ನಡೆದ ಕಡೆ ಈ ಪ್ರತಿರೋಧ ಶೇಕಡಾ 3.9ರಿಂದ 8.6ರವರೆಗೆ ಕಂಡಿದೆ. ಹಿಂದೆ ಬೇರೆ ಚಿಕಿತ್ಸೆ ಪಡೆದು, ವೈರಲ್ ಲೋಡ್ ಹೆಚ್ಚಿರುವಾಗಲೇ ಡೊಲುಟೆಗ್ರವಿರ್‌ಗೆ ಬದಲಾದವರಲ್ಲಿ ಅದು ಶೇಕಡಾ 19.6ರವರೆಗೆ ಏರಿದೆ. ಈ ಕೊನೆಯ ಗುಂಪಿನವರು ನಮ್ಮಲ್ಲೂ ಇದ್ದಾರೆ: 2005ರಲ್ಲೋ 2006ರಲ್ಲೋ ಸ್ಟಾವುಡಿನ್‌ನಿಂದ ಆರಂಭಿಸಿ, ಥೈಮಿಡಿನ್ ಮ್ಯುಟೇಷನ್‌ಗಳನ್ನು ಹೊತ್ತುಕೊಂಡೇ ಇಲ್ಲಿಯವರೆಗೆ ಬಂದವರು. ಜೀನೋಟೈಪ್‌ಗೆ ಸಿಗುವ ಸೀಮಿತ ಅವಕಾಶವನ್ನು ನಾನು ಇವರಿಗಾಗಿ ಕಾಯ್ದಿರಿಸುತ್ತೇನೆ. ಸಮಾಲೋಚನೆಯ ನಂತರವೂ, ಗುಳಿಗೆಯ ಎಣಿಕೆ ಸರಿಯಿದ್ದೂ, ರಿಫಾಂಪಿಸಿನ್ ಅಥವಾ ಆಂಟಾಸಿಡ್‌ನ ಸುಳಿವಿಲ್ಲದೆಯೂ ಎರಡನೇ ಬಾರಿ ವೈರಲ್ ಲೋಡ್ ಸಾವಿರ ದಾಟಿದರೆ, ಡೊಲುಟೆಗ್ರವಿರ್ ತಡೆಯುವ ಇಂಟಿಗ್ರೇಸ್ ಭಾಗವನ್ನೂ ಪರೀಕ್ಷಿಸಬೇಕೆಂದು ಕೋರಿಕೆಯಲ್ಲಿ ಬೇರೆಯಾಗಿ ಬರೆಯುತ್ತೇನೆ. ಎಷ್ಟೋ ಕಡೆ ಹಳೆಯ ಪದ್ಧತಿಯಂತೆ ರಿವರ್ಸ್ ಟ್ರಾನ್ಸ್‌ಕ್ರಿಪ್ಟೇಸ್ ಮತ್ತು ಪ್ರೋಟಿಯೇಸ್ ಭಾಗಗಳನ್ನಷ್ಟೇ ಓದುವುದುಂಟು, ಆಗ ಡೊಲುಟೆಗ್ರವಿರ್ ಪ್ರತಿರೋಧದ ಆರ್263ಕೆ, ಜಿ118ಆರ್, ಕ್ಯೂ148 ಇವು ಯಾವುವೂ ವರದಿಯಲ್ಲಿ ಕಾಣುವುದಿಲ್ಲ.