ಕೊಲಂಬಿಯಾ ನದಿಯಲ್ಲಿ ಸ್ಟೀಲ್‌ಹೆಡ್ ಉಳಿಸಿಕೊಂಡು ಸಾಲ್ಮನ್ ಹಿಡಿದ ಬಗೆ: ಬಲೆಯ ಕಣ್ಣು, ನಿಮಿಷ, ನೀರು

ಮಲೆನಾಡಿನಲ್ಲಿ ಮೊದಲ ಮಳೆಗೆ ಹತ್ತುಮೀನು ಏರುವುದನ್ನು ಕಂಡವರಿಗೆ ಕೊಲಂಬಿಯಾ ನದಿಯ ವಸಂತವನ್ನು ವಿವರಿಸುವುದು ಸುಲಭ. ಅಲ್ಲೂ ಮೀನು ಮೊಟ್ಟೆಯಿಡಲು ಹೊಳೆ ಹತ್ತುತ್ತದೆ. ಆದರೆ ಅದು ಬರುವುದು ಪೆಸಿಫಿಕ್ ಸಾಗರದಿಂದ. ಬಾನ್‌ವಿಲ್ ಅಣೆಕಟ್ಟಿನ ಕೆಳಗೆ ಸಮುದ್ರದವರೆಗೆ ಸುಮಾರು 235 ಕಿಲೋಮೀಟರ್ ನದಿಯಿದೆ. ಒಂದು ದಡ ಅಮೆರಿಕದ ವಾಷಿಂಗ್ಟನ್ ರಾಜ್ಯ, ಇನ್ನೊಂದು ದಡ ಒರೆಗಾನ್. ಮಾರ್ಚ್, ಏಪ್ರಿಲ್‌ನಲ್ಲಿ ಇಲ್ಲಿ ಬಲೆ ಬಿಡುತ್ತಿದ್ದುದು ಚಿನೂಕ್ ಸಾಲ್ಮನ್‌ಗಾಗಿ. ಅದೇ ಹೊತ್ತಿಗೆ ಅದೇ ನೀರಿನಲ್ಲಿ ಸ್ಟೀಲ್‌ಹೆಡ್ ಕೂಡ ಏರುತ್ತಿರುತ್ತದೆ. ಸ್ಟೀಲ್‌ಹೆಡ್ ಅಂದರೆ ಸಮುದ್ರಕ್ಕೆ ಹೋಗಿ ಬೆಳೆದು ಬರುವ ರೇನ್‌ಬೋ ಟ್ರೌಟ್. ನೀಲಗಿರಿಯ ಅವಲಾಂಚಿ ಕೇಂದ್ರದಲ್ಲಿ ಸಾಕುವ ಟ್ರೌಟ್ ಇದೇ ಜಾತಿಯದು. ಕೊಲಂಬಿಯಾ ಮತ್ತು ಅದರ ಉಪನದಿಗಳ ಸ್ಟೀಲ್‌ಹೆಡ್ ಕುಲಗಳು 1997ರಿಂದ 1999ರ ನಡುವೆ ಒಂದೊಂದಾಗಿ ಅಳಿವಿನಂಚಿನ ಜೀವಿಗಳ ಕಾಯ್ದೆಯ ಪಟ್ಟಿ ಸೇರಿದವು. ಮೂಲನಿವಾಸಿಗಳಲ್ಲದ ಮೀನುಗಾರರು ಅದನ್ನು ಮಾರುವುದಕ್ಕೆ 1975ರಿಂದಲೇ ನಿಷೇಧ. ಹಾಗಾಗಿ ಬಲೆಗೆ ಬಿದ್ದ ಪ್ರತಿ ಸ್ಟೀಲ್‌ಹೆಡ್ಡನ್ನೂ ಬಿಡಲೇಬೇಕು. ಬಿಟ್ಟ ಮೀನು ಬದುಕುತ್ತದೋ ಇಲ್ಲವೋ ಅನ್ನುವುದು ದೋಣಿಯಲ್ಲಿ ನಾವು ಮಾಡುವ ಕೆಲಸದ ಮೇಲೆ ನಿಂತಿದೆ. ಆ ಕೆಲಸ ಹೇಗೆ ಮಾಡಿದೆವು ಅನ್ನುವುದನ್ನು ಇಲ್ಲಿ ಬರೆದಿದ್ದೇನೆ.

ಮೊದಲು ಬಲೆಯ ಕಣ್ಣು. ನಮ್ಮ ಕರಾವಳಿಯ ಕಂತುಬಲೆಯಂತೆ ಗಿಲ್‌ನೆಟ್ ಕೂಡ ನೀರಿನಲ್ಲಿ ಗೋಡೆಯ ಹಾಗೆ ನಿಲ್ಲುತ್ತದೆ. ಮೇಲೆ ಕಾರ್ಕ್ ಹಗ್ಗ, ಕೆಳಗೆ ಸೀಸದ ಹಗ್ಗ. ಮೀನು ತಲೆ ತೂರಿಸುತ್ತದೆ, ಮೈ ದಾಟುವುದಿಲ್ಲ, ಹಿಂದೆ ಸರಿದರೆ ದಾರ ಕಿವಿರಿನ ಮುಚ್ಚಳದ ಹಿಂದೆ ಸಿಕ್ಕಿಕೊಳ್ಳುತ್ತದೆ. ಕಿವಿರು ಆಡದಿದ್ದರೆ ಉಸಿರಿಲ್ಲ. ಇದನ್ನು ತಪ್ಪಿಸಲು ಬಂದದ್ದು ಟ್ಯಾಂಗಲ್ ನೆಟ್. ಇದರ ಕಣ್ಣು ಎಷ್ಟು ಸಣ್ಣದೆಂದರೆ ಮೀನಿನ ತಲೆ ಒಳಹೋಗುವುದೇ ಇಲ್ಲ. ಹಲ್ಲು ಅಥವಾ ಮೇಲ್ದವಡೆಯ ಅಂಚು ದಾರಕ್ಕೆ ಸಿಕ್ಕಿ ಮೀನು ಅಲ್ಲೇ ನಿಲ್ಲುತ್ತದೆ, ಕಿವಿರು ಆಡುತ್ತಲೇ ಇರುತ್ತದೆ.

ಎಷ್ಟು ಸಣ್ಣದಿರಬೇಕು ಅನ್ನುವ ಪಾಠವನ್ನು ಈ ನದಿ ಬೆಲೆ ತೆತ್ತು ಕಲಿತಿದೆ. 2002ರಲ್ಲಿ ದೋಣಿಗಳಿಗೆಲ್ಲ ಗರಿಷ್ಠ 5½ ಅಂಗುಲದ ಕಣ್ಣಿಗೆ ಅನುಮತಿ ಸಿಕ್ಕಿತ್ತು. ಚಿನೂಕ್‌ನ ದೊಡ್ಡ ತಲೆಗೆ ಅದು ಸಣ್ಣ ಕಣ್ಣೇ. ಆದರೆ ಸ್ಟೀಲ್‌ಹೆಡ್ ಸಪೂರ ಮೀನು, ಅದರ ಕತ್ತಿಗೆ 5½ ಅಂಗುಲ ಅಳತೆ ಕೊಟ್ಟು ಹೊಲಿಸಿದಷ್ಟು ಸರಿಯಾಗಿ ಕೂತಿತು. ಒಂದು ಮೀನನ್ನು ಉಳಿಸಲೆಂದು ಮಾಡಿದ ಬಲೆ ಇನ್ನೊಂದಕ್ಕೆ ಉರುಳಾಯಿತು. ಮರುವರ್ಷ ಕಣ್ಣನ್ನು 4¼ ಅಂಗುಲಕ್ಕೆ ಇಳಿಸಿದರು. ಕಣ್ಣನ್ನು ಎಳೆದು ಹಿಡಿದು ಎದುರುಬದುರಿನ ಎರಡು ಗಂಟುಗಳ ನಡುವೆ ಅಳೆಯಬೇಕು. ಒಣಬಲೆಯಲ್ಲಿ ಅಳೆದು ನಂಬಬೇಡಿ, ನೆನೆಸಿ ಅಳೆಯಿರಿ. ನೈಲಾನ್ ದಾರ ನೀರು ಕುಡಿದಾಗ ಅಳತೆ ಬದಲಾಗುತ್ತದೆ. ಬಲೆಯನ್ನು ಹಗ್ಗಕ್ಕೆ ಕಟ್ಟುವಾಗ ಬಿಗಿಯಾಗಿ ಕಟ್ಟಬಾರದು. ಸಡಿಲವಾಗಿ ಜೋಲುವ ಬಲೆ ದವಡೆಗೆ ಸುತ್ತಿಕೊಳ್ಳುತ್ತದೆ, ಬಿಗಿಬಲೆಗೆ ಮೀನು ಗುದ್ದಿ ಹಿಂದಿರುಗುತ್ತದೆ.

ಇದಕ್ಕೆ ಸರಿಯಾಗಿ ಎದುರಾದ ಇನ್ನೊಂದು ದಾರಿಯೂ ಇದೆ, 8 ಅಂಗುಲ ಅಥವಾ ಅದಕ್ಕೂ ದೊಡ್ಡ ಕಣ್ಣು. ಸ್ಟೀಲ್‌ಹೆಡ್ ಅದರಲ್ಲಿ ನುಸುಳಿ ಹೋಗುತ್ತದೆ. ಸ್ಟೀಲ್‌ಹೆಡ್ ಹೆಚ್ಚಿದ್ದು ಚಿನೂಕ್ ಕಡಿಮೆಯಿರುವ ಋತುವಿನ ಆರಂಭಕ್ಕೆ ಅದೇ ವಾಸಿ. ಆದರೆ ದೊಡ್ಡ ಕಣ್ಣಿಗೆ ಬಿದ್ದ ಚಿನೂಕ್ ಉಸಿರುಗಟ್ಟುವುದೇ ಹೆಚ್ಚು, ಬಿಡಲೇಬೇಕಾದ, ನದಿಯಲ್ಲೇ ಹುಟ್ಟಿದ ಕಾಡು ಚಿನೂಕ್ ಕೂಡ. ನಡುವಿನ ಅಳತೆಯೇ ಅಪಾಯದ್ದು.

ಸ್ಟೀಲ್‌ಹೆಡ್ ನೀರಿನ ಮೇಲ್ಪದರದಲ್ಲೇ ಹೆಚ್ಚು ಸಾಗುತ್ತದೆ. ಇದನ್ನು ಬಳಸಿಕೊಂಡು ಬಲೆಯ ಮೇಲ್ಭಾಗದಲ್ಲಿ ದಾರಿ ಬಿಡುವ ಎರಡು ಬಗೆಗಳಿವೆ. ಒಂದು, ಕಾರ್ಕ್ ಹಗ್ಗದ ಕೆಳಗೆ 5 ಅಡಿ ಎತ್ತರದ, ಕನಿಷ್ಠ 12 ಅಂಗುಲ ಕಣ್ಣಿನ ಪಟ್ಟಿ ಜೋಡಿಸುವುದು. ಇನ್ನೊಂದು, ಮೇಲಿನ ಹಗ್ಗದಿಂದ ತುಂಡುಹಗ್ಗ ಇಳಿಬಿಟ್ಟು ಇಡೀ ಬಲೆಯನ್ನೇ 5 ಅಡಿ ಕೆಳಗೆ ತೂಗುಹಾಕುವುದು, ವೀಡ್‌ಲೈನ್ ಅನ್ನುತ್ತಾರೆ. ಉತ್ತರದಲ್ಲಿ ಕೆನಡಾದ ಸ್ಕೀನಾ ನದಿಯ ಬಾಯಲ್ಲೂ ಸ್ಟೀಲ್‌ಹೆಡ್‌ಗಾಗಿ ಇದನ್ನು ಬಳಸಿದ್ದಾರೆ. ಕೊಲಂಬಿಯಾದ ನಿಯಮದಲ್ಲಿ ಸಾದಾ ಬಲೆಗೆ 150 ಮಾರು ಉದ್ದದ ಮಿತಿ ಇದ್ದಾಗ, ಇಂಥ ಏರ್ಪಾಡು ಮಾಡಿದವರಿಗೆ 175 ಮಾರು ಕೊಡುತ್ತಿದ್ದರು. ಇಲ್ಲಿ ಮಾರು ಅಂದರೆ ಆರು ಅಡಿಯ ಫ್ಯಾದಮ್, ನಮ್ಮ ಎರಡು ಕೈ ಚಾಚಿದ ಮಾರಿಗೆ ಹತ್ತಿರದ ಲೆಕ್ಕ. ತೊಂದರೆ ಎರಡಿವೆ. ಬಲೆಯನ್ನು ಎಳೆದು ಸುತ್ತುವ ಉರುಳೆಗೆ, ಅಂದರೆ ಡ್ರಮ್ಮಿಗೆ, ಸುತ್ತುವಾಗ ತುಂಡುಹಗ್ಗಗಳು ಬಲೆಯೊಳಗೆ ಗೋಜಲಾಗುತ್ತವೆ. ಮುಂದಿನ ಸಲ ಬಲೆ ಬಿಟ್ಟಾಗ ದಾರಿ ಬಿಟ್ಟಲ್ಲೇ ಬಲೆ ಗಂಟಾಗಿ ನಿಂತಿರುತ್ತದೆ. ಸುತ್ತುವಾಗ ಒಬ್ಬರು ಕೈಯಿಂದ ಅವನ್ನು ಬಿಡಿಸಿ ಮಲಗಿಸುತ್ತಲೇ ಇರಬೇಕು. ಎರಡನೆಯದು ಸೆಳೆತ. ಬಲೆಯ ಎರಡು ತುದಿ ಬೇರೆ ಬೇರೆ ವೇಗದಲ್ಲಿ ತೇಲಿದರೆ ಕೆಳಭಾಗ ಮೇಲೆದ್ದು ಆ 5 ಅಡಿಯ ಕಂಡಿ ಮುಚ್ಚಿಹೋಗುತ್ತದೆ. ಕಾರ್ಕ್ ಸಾಲು ಬಿಲ್ಲಿನಂತೆ ಬಾಗಿದ್ದು ಕಂಡರೆ ಆಗಲೇ ಎಳೆಯಲು ಶುರುಮಾಡಬೇಕು.

ಎಲ್ಲಕ್ಕಿಂತ ಮುಖ್ಯವಾದದ್ದು ನಿಮಿಷ. ನಿಯಮದ ಪ್ರಕಾರ ಬಲೆ ನೀರಿನಲ್ಲಿರುವ ಹೊತ್ತನ್ನು ಎಣಿಸುವುದು ಬಲೆಯ ಮೊದಲ ಕಣ್ಣು ನೀರಿಗೆ ಬಿದ್ದಾಗಿನಿಂದ ಕೊನೆಯ ಕಣ್ಣು ದೋಣಿಗೆ ಬರುವವರೆಗೆ, ಎಳೆಯಲು ಆರಂಭಿಸುವವರೆಗೆ ಅಲ್ಲ. ಹೊಸಬರು ತಪ್ಪುವುದು ಇಲ್ಲೇ. 45 ನಿಮಿಷದ ಮಿತಿ ಇದ್ದ ದಿನ ನಾವು ಹಾಕುತ್ತಿದ್ದ ಲೆಕ್ಕ ಹೀಗೆ: ಬಿಡಲು 5 ನಿಮಿಷ, ಖಾಲಿ ಬಲೆ ಎಳೆಯಲು 15 ನಿಮಿಷ, ಒಂದೊಂದು ಮೀನು ಬಿಡಿಸಲು ಸರಾಸರಿ ಅರ್ಧದಿಂದ ಒಂದು ನಿಮಿಷ. 20 ಮೀನು ಬಿದ್ದರೆ ಇದ್ದ ಹೊತ್ತೆಲ್ಲ ಮುಗಿದಂತೆ, ಬಲೆ ಸುಮ್ಮನೆ ತೇಲಲು ಉಳಿಯುವುದು ಐದರಿಂದ ಹದಿನೈದು ನಿಮಿಷ. ಹಾಗಾಗಿ ಮೀನು ಹೆಚ್ಚಿರುವ ಸೂಚನೆ ಕಂಡರೆ ಪೂರ್ತಿ ಬಲೆ ಬಿಡುವುದಿಲ್ಲ. ಕಾರ್ಕ್ ಹಗ್ಗದಲ್ಲಿ 25 ಮಾರಿಗೊಂದು ಕೆಂಪು ಕಾರ್ಕ್ ಕಟ್ಟಿರಲೇಬೇಕೆಂಬ ನಿಯಮವಿದೆ. ಅದು ಅಧಿಕಾರಿಗಳು ದೂರದಿಂದ ಉದ್ದ ಎಣಿಸಲೆಂದು ಬಂದದ್ದು, ಆದರೆ ನಮಗೂ ಅದೇ ಅಳತೆಗೋಲು. ಮೊದಲ ಸಲ ಮೂರು ಕೆಂಪು ಕಾರ್ಕ್‌ವರೆಗೆ ಬಿಡಿ. ಬಂದ ಮೀನು ನೋಡಿ ನಾಲ್ಕನೆಯದಕ್ಕೆ ಹೋಗಬೇಕೋ ಬೇಡವೋ ತೀರ್ಮಾನಿಸಿ.

ಬಿಡಿಸುವಾಗ ಮೀನನ್ನು ಬಲೆಯೊಡನೆ ಎತ್ತಿ ಡೆಕ್ಕಿಗೆ ಬೀಳಿಸಬಾರದು. ದೋಣಿಯಂಚು ದಾಟುವಾಗಲೇ ಡ್ರಮ್ ನಿಲ್ಲಿಸಿ, ಎರಡೂ ಕೈ ಹೊಟ್ಟೆಯ ಕೆಳಗೆ ಕೊಟ್ಟು ಹಿಡಿಯಬೇಕು. ಕೈಗವಸು ಒದ್ದೆಯಿರಬೇಕು, ಒಣ ಕೈಗವಸು ಮೈಯ ಲೋಳೆಯನ್ನೂ ಹುರುಪೆಯನ್ನೂ ಉಜ್ಜಿ ತೆಗೆಯುತ್ತದೆ, ಸೋಂಕು ಹತ್ತುವುದು ಅಲ್ಲಿಂದ. ಬಾಲದಿಂದ ತೂಗಾಡಿಸಬಾರದು, ಕಿವಿರಿಗೆ ಬೆರಳು ಹಾಕಲೇಬಾರದು. ದಾರ ಬಿಗಿದಿದ್ದರೆ ಕತ್ತರಿಸಿ. ನಾಲ್ಕು ಕಣ್ಣು ಹರಿದರೆ ಸಂಜೆ ಹೆಣೆಯಬಹುದು. ಕತ್ತರಿಯನ್ನು ಮಣಿಕಟ್ಟಿಗೆ ದಾರ ಹಾಕಿ ಕಟ್ಟಿಕೊಂಡಿರಿ, ಹುಡುಕಲು ಹೋದರೆ ಅರ್ಧ ನಿಮಿಷ ಹೋಗುತ್ತದೆ.

ಗುರುತು ಹಿಡಿಯಲು ಬಾಯಿ ನೋಡಿದರೆ ಸಾಕು. ಚಿನೂಕ್‌ನ ವಸಡು ಕಪ್ಪು, ಸ್ಟೀಲ್‌ಹೆಡ್‌ನದು ಬಿಳಿ. ಬಾಲದ ತುದಿ ಸ್ಟೀಲ್‌ಹೆಡ್‌ನಲ್ಲಿ ಹೆಚ್ಚುಕಡಿಮೆ ನೇರ, ಚುಕ್ಕೆಗಳು ಸಾಲುಸಾಲಾಗಿ ಹರಡಿರುತ್ತವೆ. ಚಿನೂಕ್‌ನಲ್ಲಿ ಇನ್ನೊಂದು ಪರೀಕ್ಷೆ ಇದೆ: ಬೆನ್ನಿನ ಹಿಂಭಾಗದ ಪುಟ್ಟ ಅಡಿಪೋಸ್ ಈಜುರೆಕ್ಕೆ. ಅದನ್ನು ಕತ್ತರಿಸಿ ಗಾಯ ಮಾಗಿದ್ದರೆ ಹ್ಯಾಚರಿಯ, ಅಂದರೆ ಮೀನುಮರಿ ಕೇಂದ್ರದ ಮೀನು, ಇಟ್ಟುಕೊಳ್ಳಬಹುದು. ರೆಕ್ಕೆ ಇದ್ದರೆ ಕಾಡುಮೀನು, ನದಿಗೆ. ಏಪ್ರಿಲ್ ಹೊತ್ತಿಗೆ ಬಡಕಲಾಗಿ ಕಪ್ಪಿಟ್ಟ ಸ್ಟೀಲ್‌ಹೆಡ್ ಕೂಡ ಬೀಳುತ್ತವೆ. ಹೇಗೂ ಸಾಯುವ ಮೀನು ಎಂದು ಅಸಡ್ಡೆ ಮಾಡುವವರಿದ್ದಾರೆ, ಅದು ತಪ್ಪು. ಪೆಸಿಫಿಕ್ ಸಾಲ್ಮನ್ ಮೊಟ್ಟೆಯಿಟ್ಟು ಸಾಯುತ್ತದೆ. ಸ್ಟೀಲ್‌ಹೆಡ್ ಸಮುದ್ರಕ್ಕೆ ಮರಳಿ, ಚೇತರಿಸಿಕೊಂಡು ಮತ್ತೆ ಬರಬಲ್ಲದು. ಆ ಬಡಕಲು ಮೀನು ಮರಳಿ ಹೋಗುತ್ತಿರುವ ತಾಯಿ.

ಚುರುಕಾಗಿದ್ದ ಮೀನನ್ನು ಆಗಲೇ ನೀರಿಗೆ ಬಿಡಬೇಕು, ಪೆಟ್ಟಿಗೆಯಲ್ಲಿಡುವುದು ಅದಕ್ಕೆ ಹಿಂಸೆಯೇ. ರಕ್ತ ಬರುತ್ತಿದ್ದರೆ ಅಥವಾ ಜೋಲುಬಿದ್ದಿದ್ದರೆ ಮಾತ್ರ ಚೇತರಿಕೆ ಪೆಟ್ಟಿಗೆ. ಪ್ರತಿ ದೋಣಿಯಲ್ಲಿ ಎರಡು ಪೆಟ್ಟಿಗೆ ಅಥವಾ ಎರಡು ಕೋಣೆಯ ಒಂದು ಪೆಟ್ಟಿಗೆ ಇರಬೇಕು, ಬಲೆ ಎಳೆಯುವಷ್ಟು ಹೊತ್ತೂ ನೀರು ಹರಿಯುತ್ತಿರಬೇಕು. ಒಳ ಅಳತೆ: ಉದ್ದ 39½ರಿಂದ 48 ಅಂಗುಲ, ಅಗಲ 8ರಿಂದ 10, ಎತ್ತರ 14ರಿಂದ 16. ಇಷ್ಟು ಇಕ್ಕಟ್ಟು ಯಾಕೆ ಎಂದರೆ ಮೀನು ತಿರುಗಬಾರದು. ನೀರು ಬರುವ ತೂತು ಮುಂದಿನ ಗೋಡೆಯ ನಡುಮಧ್ಯದಲ್ಲಿ, ತಳದಿಂದ 1¾ ಅಂಗುಲ ಮೇಲೆ, ಮುಕ್ಕಾಲರಿಂದ ಒಂದು ಅಂಗುಲ ಅಗಲ. ಮೀನು ತಳದಲ್ಲಿ ನಿಂತಾಗ ಅದರ ಬಾಯಿ ಬರುವುದು ಅಲ್ಲಿಗೇ. ನೀರು ಬಾಯಿಯೊಳಗೆ ನುಗ್ಗಿ ಕಿವಿರಿನ ಮೇಲೆ ಹಾದು ಹೊರಬರುತ್ತದೆ. ಮೀನು ತಾನಾಗಿ ಉಸಿರಾಡಲು ಆಗದಿದ್ದರೂ ನೀರೇ ಉಸಿರಾಡಿಸುತ್ತದೆ. ಅದಕ್ಕೇ ತಲೆ ತೂತಿನ ಕಡೆಗಿರಬೇಕು. ತಿರುಗುಮುರುಗಾಗಿ ಹಾಕಿದರೆ ಹರಿವು ಕಿವಿರನ್ನು ಹಿಂದಿನಿಂದ ಒತ್ತಿ ಮುಚ್ಚುತ್ತದೆ, ಮೀನು ಪೆಟ್ಟಿಗೆಯಲ್ಲೇ ಸಾಯುತ್ತದೆ.

ಹರಿವು ಪ್ರತಿ ಕೋಣೆಗೆ ನಿಮಿಷಕ್ಕೆ 16ರಿಂದ 20 ಗ್ಯಾಲನ್, ಅಂದರೆ ಸುಮಾರು 60ರಿಂದ 75 ಲೀಟರ್. ಮೀಟರ್ ಬೇಕಿಲ್ಲ. 10 ಲೀಟರಿನ ಬಕೆಟ್ ಹಿಡಿದು ಗಡಿಯಾರ ನೋಡಿ, 8ರಿಂದ 10 ಸೆಕೆಂಡಿಗೆ ತುಂಬಬೇಕು. 12 ಸೆಕೆಂಡ್ ಹಿಡಿದರೆ ನೀರು ಸಾಲದು, 6ಕ್ಕೇ ತುಂಬಿದರೆ ಸುಸ್ತಾದ ಮೀನನ್ನು ಹಿಂದಿನ ಗೋಡೆಗೆ ಒತ್ತುವಷ್ಟು ಜೋರು. ಪಂಪಿನ ಮೇಲೆ ಬರೆದ ಅಂಕಿ ನಂಬಿ ಮೋಸಹೋಗಬೇಡಿ. ಅದು ನೀರನ್ನು ಮೇಲೆತ್ತದೆ ಅಳೆದದ್ದು. ಮೂರು ನಾಲ್ಕು ಅಡಿ ಎತ್ತರ, ಎರಡು ಮೊಳಕೈ ತಿರುವು, ಸಣ್ಣ ಪೈಪು ಸೇರಿದರೆ ಗಣನೀಯವಾಗಿ ಇಳಿಯುತ್ತದೆ. ಎರಡು ಕೋಣೆಗೆ ಗಂಟೆಗೆ ಸುಮಾರು 2,000 ಗ್ಯಾಲನ್ ಬೇಕು. ಅದರ ಇಮ್ಮಡಿ ಬರೆದಿರುವ ಪಂಪ್ ತಂದು ವಾಲ್ವ್‌ನಿಂದ ತಗ್ಗಿಸಿಕೊಳ್ಳುವುದು ಒಳ್ಳೆಯದು. ಪ್ರತಿ ಕೋಣೆಗೂ ಬೇರೆ ವಾಲ್ವ್ ಇರಲಿ. ನೀರನ್ನು ಸೇದುವ ಬಾಯಿ ಎಂಜಿನ್ ಹೊಗೆಕೊಳವೆಯಿಂದ ದೂರವಿರಬೇಕು. ವಸಂತದ ನೆರೆನೀರಿನಲ್ಲಿ ಕಸಕಡ್ಡಿ ಹೇರಳ, ಜಾಲರಿ ಕಟ್ಟಿಕೊಂಡರೆ ಹರಿವು ಸದ್ದಿಲ್ಲದೆ ಬೀಳುತ್ತದೆ. ಪ್ರತಿ ಸಲ ಬಲೆ ಬಿಡುವ ಮುಂಚೆ ಬಕೆಟ್ ಪರೀಕ್ಷೆ ಮಾಡಲೇಬೇಕು. ಮುಚ್ಚಳ ಹಾಕಿ, ಕತ್ತಲಲ್ಲಿ ಮೀನು ಬೇಗ ಶಾಂತವಾಗುತ್ತದೆ. ಒಂದು ಕೋಣೆಗೆ ಒಂದೇ ಮೀನು.

ಚೇತರಿಸಿತೇ ಎಂದು ನೋಡಲು ಬಾಲದ ಬುಡವನ್ನು ಮೆಲ್ಲಗೆ ಹಿಡಿಯಿರಿ. ಕೈಯಿಂದ ಕಿತ್ತುಕೊಂಡು ಮುಂದೆ ನುಗ್ಗಿದರೆ ಸಿದ್ಧವಾಗಿದೆ. ಬೆನ್ನು ಮೇಲಾಗಿ ನಿಂತಿದ್ದು ಕಿವಿರು ಒಂದೇ ಲಯದಲ್ಲಿ ಆಡುತ್ತಿದ್ದರೂ ಬಾಲಕ್ಕೆ ಬಲ ಬಂದಿಲ್ಲವಾದರೆ ಇನ್ನೂ ಕಾಯಿರಿ. ಬಿಡುವ ಮುನ್ನ ಸುತ್ತ ನೋಡಿ. ಬಲೆ ಎಳೆಯುವ ಸದ್ದಿಗೆ ಕಡಲಸಿಂಹಗಳು ದೋಣಿಯ ಬಳಿ ಬಂದು ಕಾಯುತ್ತವೆ, ಅರೆಜೀವದ ಮೀನು ಅವಕ್ಕೆ ಕೈತುತ್ತು. ಅವು ಇದ್ದರೆ ಮೀನು ಪೆಟ್ಟಿಗೆಯಲ್ಲೇ ಇರಲಿ, ದೋಣಿ ಸ್ವಲ್ಪ ದೂರ ಹೋಗಲಿ.

ಬಿಟ್ಟ ಪ್ರತಿ ಮೀನನ್ನೂ ಬರೆದಿಡಬೇಕು. ಬಲೆಗೆ ಬಿದ್ದವುಗಳ ಸಂಖ್ಯೆಯನ್ನು, ಬಿಟ್ಟ ಮೇಲೆ ಸಾಯುವವುಗಳ ಅಂದಾಜು ಪ್ರಮಾಣದಿಂದ ಗುಣಿಸಿ ನಷ್ಟ ಲೆಕ್ಕ ಹಾಕುತ್ತಾರೆ. ಚಳಿಗಾಲದ ಕಾಡು ಸ್ಟೀಲ್‌ಹೆಡ್‌ಗೆ ಆ ನಷ್ಟದ ಮಿತಿ, ಏರಿಬರುವ ಮೀನಿನಲ್ಲಿ ಶೇ 2. ಅದು ತುಂಬಿದರೆ ಚಿನೂಕ್ ಪಾಲು ಬಾಕಿ ಇದ್ದರೂ ಋತು ಮುಗಿಯಿತು. ಈ ಕಾರಣಕ್ಕೆ ಕೆಲವರಿಗೆ ಕಡಿಮೆ ಬರೆಯುವ ಆಸೆ ಹುಟ್ಟುತ್ತದೆ. ಹಾಗೆ ಬರೆದರೆ ಯಾವ ಬಲೆ, ಯಾವ ನೀರು, ಯಾವ ವಾರ ಮೀನಿಗೆ ಕೆಟ್ಟದ್ದು ಅನ್ನುವುದು ಯಾರಿಗೂ ತಿಳಿಯದೆ ಹೋಗುತ್ತದೆ.

2013ರಲ್ಲಿ ಗಿಲ್‌ನೆಟ್‌ಗಳನ್ನು ಮುಖ್ಯ ನದಿಯಿಂದ ಯಂಗ್ಸ್ ಬೇಯಂಥ ಪಕ್ಕದ ಕೊಲ್ಲಿಗಳಿಗೆ ಸರಿಸುವ ನೀತಿ ಬಂತು. ಅಲ್ಲಿ ಹ್ಯಾಚರಿ ಮೀನು ಸಾಕಿ ಬಿಡುವುದರಿಂದ ಕಾಡುಮೀನು ಬೀಳುವುದು ಕಡಿಮೆ. ವಾಷಿಂಗ್ಟನ್ನಿನಲ್ಲಿ 1934ರಲ್ಲಿ ನಿಷೇಧಗೊಂಡ ಕಂಬದ ಬಲೆಯನ್ನು ಕ್ಯಾತ್ಲಮೆಟ್ ಬಳಿ ವೈಲ್ಡ್ ಫಿಶ್ ಕನ್ಸರ್ವೆನ್ಸಿ ಎಂಬ ಸಂಸ್ಥೆ ಮತ್ತೆ ಪ್ರಯೋಗಕ್ಕೆ ತಂದಿತು. 2017ರ ಅಧ್ಯಯನದಲ್ಲಿ ಅದರಿಂದ ಬಿಟ್ಟ ಸ್ಟೀಲ್‌ಹೆಡ್‌ನಲ್ಲಿ ಸುಮಾರು ಶೇ 94 ಬದುಕಿದ್ದವು. ಮೀನು ಅದರಲ್ಲಿ ಸಿಕ್ಕಿಕೊಳ್ಳುವುದೇ ಇಲ್ಲ, ಆವರಣದೊಳಗೆ ಈಜುತ್ತಿರುತ್ತದೆ. ಅವಕಾಶ ಇರುವಲ್ಲಿ ನಾನು ಅದನ್ನೇ ಆರಿಸುತ್ತೇನೆ. ಆದರೆ ಗಿಲ್‌ನೆಟ್ ಇರುವ ತನಕ ಪೆಟ್ಟಿಗೆಯ ಕೆಲಸ ತಪ್ಪದು. ದೋಣಿ ದಡಕ್ಕೆ ಕಟ್ಟುವ ಮೊದಲು ಎರಡೂ ಕೋಣೆ ಖಾಲಿಯಿರಬೇಕು, ನಿಯಮವೂ ಅದೇ. ಕೊನೆಯ ಮೀನಿಗೆ ಇನ್ನೂ ಬಾಲದ ಬಲ ಬಂದಿರದಿದ್ದರೆ ಪಂಪ್ ಓಡಲಿ, ದೋಣಿ ನಡುನೀರಿನಲ್ಲೇ ನಿಲ್ಲಲಿ.